ಮಂಚದ ಮಗ್ಗುಲ ಮೇಜು: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಸಣ್ಣ ಕೋಣೆಗಳಲ್ಲಿ

ಮಲಗಿದವರ ಕೈಗೆ ಎಟುಕುವಂತೆ ಮಂಚದ ತಲೆಗಡೆ ಇಡುವ ಸಣ್ಣ ಮೇಜು. ನೀರಿನ ತಂಬಿಗೆ, ಕನ್ನಡಕ, ಗುಳಿಗೆ, ಬ್ಯಾಟರಿ, ಮೊಬೈಲು ಇದರ ಮೇಲಿನ ಸಾಮಾನು. ಅಂಗಡಿಯಲ್ಲಿ ಇದಕ್ಕೆ ಸೈಡ್ ಟೇಬಲ್ ಎನ್ನುತ್ತಾರೆ. ಮನೆಗಳಲ್ಲಿ ಸ್ಟೂಲು, ಟೀಪಾಯಿ ಎಂಬ ಹೆಸರುಗಳೇ ಹೆಚ್ಚು. ಕಲಬುರಗಿ ಜಿಲ್ಲೆಯ ಪಶ್ಚಿಮ ಅಂಚಿನ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಇದು ತೀರ ಹೊಸ ಸಾಮಾನು. ಇಲ್ಲಿ ಈ ಕೆಲಸವನ್ನು ಬಹುಕಾಲ ಗೋಡೆಯೇ ಮಾಡುತ್ತಿತ್ತು. ದಪ್ಪ ಗೋಡೆ ಹೋಗಿ ತೆಳು ಗೋಡೆ ಬಂದ ಮೇಲೆ ಮೇಜು ಬೇಕಾಯಿತು. ಆದರೆ ಅದನ್ನು ಇಡಲು ಹೊಸ ಕೋಣೆಯಲ್ಲಿ ಜಾಗವಿಲ್ಲ. ಇಕ್ಕಟ್ಟಿನ ಕೋಣೆಗೆ ಕಿರಿದಾದ ಮೇಜು ಆರಿಸುವ ಪ್ರಶ್ನೆ ಹುಟ್ಟಿದ್ದು ಹೀಗೆ.

ಯುರೋಪಿನಲ್ಲಿ ಈ ಮೇಜಿನ ಹುಟ್ಟು ಬೇರೆ ಬಗೆಯದು. 18ನೆಯ ಶತಮಾನದಲ್ಲಿ ಶ್ರೀಮಂತರ ಮಲಗುವ ಕೋಣೆಗಳಲ್ಲಿ ರಾತ್ರಿಯ ಮೂತ್ರಪಾತ್ರೆಯನ್ನು ಮುಚ್ಚಿಡಲು ಬಾಗಿಲುಳ್ಳ ಸಣ್ಣ ಪೆಟ್ಟಿಗೆ ಇರುತ್ತಿತ್ತು. ಮನೆಯೊಳಗೆ ಶೌಚಾಲಯ ಬಂದ ಮೇಲೆ ಪಾತ್ರೆ ಹೋಯಿತು, ಪೆಟ್ಟಿಗೆ ಉಳಿಯಿತು. ಇಂದಿನ ಅಂಗಡಿಯ ಸೈಡ್ ಟೇಬಲ್ಲಿನ ಕೆಳಗಿರುವ ಮುಚ್ಚಿದ ಖಾನೆ ಆ ಪೆಟ್ಟಿಗೆಯ ಸಂತತಿ. ನಮ್ಮ ಕಡೆ ಮೂತ್ರಪಾತ್ರೆಯನ್ನು ಮಂಚದ ಹತ್ತಿರ ಇಡುವ ಮಾತೇ ಇರಲಿಲ್ಲ. ಹಾಗಾಗಿ ಆ ಖಾನೆಯನ್ನು ಹೊತ್ತು ತರುವ ಅಗತ್ಯವೂ ನಮಗಿಲ್ಲ.

ಮಾಡ, ಗೂಟ, ನಾಗಂದಿಗೆ

ಆಳಂದ ಮತ್ತು ಅಫಜಲಪುರದ ಬಹುಭಾಗ ದಖನ್ನಿನ ಲಾವಾ ಶಿಲೆಯ ಮೇಲೆ ಕುಳಿತಿದೆ. ಜನ ಅದನ್ನು ಕರಿಕಲ್ಲು ಎನ್ನುತ್ತಾರೆ. ಜೇವರ್ಗಿಯ ಕಡೆ ಹೋದಂತೆ ಭೀಮಾ ಕಣಿವೆಯ ಸುಣ್ಣಕಲ್ಲು ಕಾಣಿಸಿಕೊಳ್ಳುತ್ತದೆ. ಹಳೆಯ ಮನೆಗಳು ಈ ಕಲ್ಲುಗಳಿಗೆ ಮಣ್ಣು ಮೆತ್ತಿ ಕಟ್ಟಿದವು. ಗೋಡೆಯ ದಪ್ಪ ಒಂದೂವರೆ ಅಡಿಯಿಂದ ಎರಡೂವರೆ ಅಡಿ, ಮೇಲೆ ಮಣ್ಣಿನ ಮಾಳಿಗೆ, ಬೆಳಕಿಗೊಂದು ಬೆಳಕಿಂಡಿ. ಇಷ್ಟು ದಪ್ಪದ ಗೋಡೆಯಲ್ಲಿ ಒಂದು ಅಡಿ ಆಳದ ಮಾಡ ಬಿಡುವುದು ಗೌಂಡಿಗೆ ಕಷ್ಟದ ಕೆಲಸವಾಗಿರಲಿಲ್ಲ. ಒಂದು ಕಲ್ಲನ್ನು ಒಳಕ್ಕೆ ಸರಿಸಿ, ಮೇಲೆ ಚಪ್ಪಟೆ ಕಲ್ಲೊಂದನ್ನು ಅಡ್ಡ ಹಾಕಿದರೆ ಮುಗಿಯಿತು. ನೆಲದಿಂದ ಎರಡಡಿ ಎತ್ತರದ ಮಾಡ ಮಲಗಿದವರಿಗೆ, ಎದೆಮಟ್ಟದ್ದು ದೀಪಕ್ಕೆ.

ಅಂಥ ಮಾಡಗಳು ಈಗಲೂ ಹಳೆಯ ಊರುಗಳಲ್ಲಿವೆ. ಮೇಲಿನ ಕಲ್ಲಿಗೆ ಚಿಮಣಿಯ ಮಸಿ ಹಿಡಿದಿರುತ್ತದೆ. ಎಷ್ಟು ಸಲ ಸುಣ್ಣ ಹೊಡೆದರೂ ಒಂದೆರಡು ವರ್ಷದಲ್ಲಿ ಕಪ್ಪು ಮತ್ತೆ ಮೇಲೇಳುತ್ತದೆ. ಕೆಳಗಿನ ಹಾಸಿನ ಮೇಲೆ ಎಣ್ಣೆಯ ಜಿಡ್ಡಿನ ಒಂದು ಉಂಗುರ, ಅದರ ಪಕ್ಕಕ್ಕೆ ತಂಬಿಗೆಯ ಬುಡ ತಾಗಿ ನುಣುಪಾದ ಇನ್ನೊಂದು ಉಂಗುರ. ಈಗ ಅಲ್ಲಿ ಚಾರ್ಜರಿನ ವೈರು ಇಳಿಬಿದ್ದಿರುತ್ತದೆ. ಗೋಡೆಯೊಳಗೆ ಕಟ್ಟಡದ ಸಮಯದಲ್ಲೇ ಹುಗಿದ ಮರದ ಗೂಟಕ್ಕೆ ಅಂಗಿ, ಕಂದೀಲು. ತಲೆಯ ಮೇಲಿನ ನಾಗಂದಿಗೆಯ ಮೇಲೆ ಕೌದಿ, ಪಾತ್ರೆ. ಗೌಡ, ದೇಸಾಯಿ, ಕುಲಕರ್ಣಿ ಮನೆತನಗಳ ವಾಡೆಗಳಲ್ಲಿ ಮಾಡಕ್ಕೆ ಮರದ ಕದ ಕೂಡಿಸಿ ಗೋಡೆ ಕಪಾಟು ಮಾಡಿಸುತ್ತಿದ್ದರು. ಈ ಯಾವುದೂ ನೆಲದ ಒಂದಿಂಚನ್ನೂ ತಿನ್ನುತ್ತಿರಲಿಲ್ಲ. ಹಗಲಿನಲ್ಲಿ ಹಾಸಿಗೆ ಸುತ್ತಿಟ್ಟರೆ ಮಲಗುವ ಕೋಣೆಯೇ ಕಾಳಿನ ಚೀಲದ ಕೋಣೆ, ಅದೇ ಬಾಣಂತಿಯ ಕೋಣೆ, ಅದೇ ಬೀಗರು ಬಂದಾಗ ಊಟದ ಕೋಣೆ.

ಇಟ್ಟಿಗೆ ಮತ್ತು ಸಿಮೆಂಟ್ ಬ್ಲಾಕಿನ ಮನೆಗಳು ಈ ಲೆಕ್ಕವನ್ನು ಕೆಡಿಸಿದವು. ಹೊರಗೋಡೆ ಒಂಬತ್ತು ಇಂಚು, ಕೋಣೆಗಳ ನಡುವಿನ ಅಡ್ಡಗೋಡೆ ಬರೀ ನಾಲ್ಕೂವರೆ ಇಂಚು. ಅಡ್ಡಗೋಡೆಯಲ್ಲಿ ಮಾಡ ಬಿಟ್ಟರೆ ಅದು ಕಿಟಕಿಯೇ ಆಗುತ್ತದೆ. ಹೊರಗೋಡೆಯಲ್ಲಿ ನಾಲ್ಕೂವರೆ ಇಂಚು ಆಳ ಸಿಗುತ್ತದೆ. ಕನ್ನಡಕ, ಗುಳಿಗೆ, ಮೊಬೈಲಿಗೆ ಇಷ್ಟು ಸಾಕು, ತಂಬಿಗೆಗೆ ಸಾಲದು. ಮಾಡದ ತಳಕ್ಕೆ ಹಾಕುವ ಕಲ್ಲನ್ನು ಗೋಡೆಯಿಂದ ಮೂರಿಂಚು ಮುಂದೆ ಬಿಟ್ಟರೆ ತಂಬಿಗೆಯೂ ಕೂರುತ್ತದೆ. ಮನೆ ಕಟ್ಟಿಸುತ್ತಿರುವವರು ಗೌಂಡಿಗೆ ಗಿಲಾವಿಗಿಂತ ಮೊದಲೇ ಇದನ್ನು ಹೇಳಿದರೆ ಖರ್ಚು ಇಲ್ಲವೆಂದೇ ಲೆಕ್ಕ. ಹೇಳುವವರು ಮಾತ್ರ ಕಡಿಮೆ. ದೇವರ ಮನೆಯ ಗೂಡಿಗೆ ಹತ್ತು ಸಲ ಅಳತೆ ಕೊಡುವವರು ತಾವು ಮಲಗುವ ಕಡೆ ಒಂದು ಮಾಡ ಬಿಡಿಸಲು ಮರೆಯುತ್ತಾರೆ.

ಕೋಣೆಯ ಅಳತೆ

ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯಲ್ಲಿ ವಾಸದ ಕೋಣೆ ಒಂದೇ ಇದ್ದರೆ ಅದು 9.5 ಚದರ ಮೀಟರಿಗಿಂತ ಕಡಿಮೆ ಇರಬಾರದು, ಅಗಲ 2.4 ಮೀಟರ್ ಇರಬೇಕು. ಎರಡಿದ್ದರೆ ಎರಡನೆಯದು 7.5 ಚದರ ಮೀಟರ್, ಅಗಲ 2.1 ಮೀಟರ್ ಆದರೂ ನಡೆಯುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ನಿಗದಿಯಾದ ಕನಿಷ್ಠ ವಿಸ್ತೀರ್ಣ ಅಡುಗೆಯ ಜಾಗವೂ ಸೇರಿ 25 ಚದರ ಮೀಟರ್, ಅಂದರೆ ಸುಮಾರು 269 ಚದರಡಿ. ಅದರ ಹಿಂದಿನ ಇಂದಿರಾ ಆವಾಸ್ ಮನೆಗಳದು 20 ಚದರ ಮೀಟರ್. ಈ ಮೂರು ತಾಲೂಕುಗಳ ಹಳ್ಳಿಗಳಲ್ಲಿ ಯೋಜನೆಯ ಮನೆಗಳು ಸಾಲುಸಾಲಾಗಿ ಎದ್ದಿವೆ. ಇಷ್ಟರಲ್ಲಿ ಮಲಗುವ ಕೋಣೆಗೆ ಉಳಿಯುವುದು ಎಂಟಡಿಗೆ ಒಂಬತ್ತಡಿ. ದೊಡ್ಡದೆಂದರೆ ಹತ್ತಕ್ಕೆ ಹತ್ತು.

2.1 ಮೀಟರ್ ಎಂದರೆ ಏಳಡಿಗೆ ಒಂದಿಂಚು ಕಡಿಮೆ. ಅಲ್ಲಿ ನಾಲ್ಕಡಿಯ ಮಂಚವನ್ನು ಗೋಡೆಗೆ ತಾಗಿಸಿ ಹಾಕಿದರೆ ಉಳಿಯುವುದು 35 ಇಂಚು. ಐದಡಿಯ ಡಬಲ್ ಕಾಟ್ ಹಾಕಿದರೆ 23 ಇಂಚು. ನೇರವಾಗಿ ನಡೆಯಲು ಎರಡಡಿ ಬೇಕು. ಓರೆಯಾಗಿ ಸರಿಯಲು 18 ಇಂಚು ಸಾಕು. ಅಂಗಡಿಯ ಸೈಡ್ ಟೇಬಲ್ ಸಾಮಾನ್ಯವಾಗಿ 16ರಿಂದ 20 ಇಂಚು ಅಗಲ. ಲೆಕ್ಕ ಕೂಡುವುದಿಲ್ಲ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಮದುವೆಯ ಸಾಮಾನಿನ ಜೊತೆ ಬರುವ ಮಂಚದ ಸೆಟ್ಟು ಈ ತೊಡಕನ್ನು ಹೆಚ್ಚಿಸುತ್ತದೆ. ಆರಡಿಯ ಪಲ್ಲಂಗ, ಎರಡು ಮಗ್ಗುಲಿಗೂ ಎರಡು ಮೇಜು, ಒಂದು ಡ್ರೆಸ್ಸಿಂಗ್ ಟೇಬಲ್, ಜೊತೆಗೆ ಉಕ್ಕಿನ ತಿಜೋರಿ. ಕಲಬುರಗಿಯ ಇಲ್ಲವೇ ಸೋಲಾಪುರದ ಅಂಗಡಿಯ ವಿಶಾಲ ನೆಲದ ಮೇಲೆ ಚೆಂದ ಕಂಡ ಸೆಟ್ಟು ಹತ್ತಡಿಯ ಕೋಣೆಯಲ್ಲಿ ಬಾಗಿಲನ್ನೇ ಕಟ್ಟಿಹಾಕುತ್ತದೆ. ಕೊನೆಗೆ ಒಂದು ಮೇಜು ಪಡಸಾಲೆಗೆ ಹೋಗಿ ಟಿ.ವಿ. ಹೊರುತ್ತದೆ, ಇನ್ನೊಂದು ಅಟ್ಟ ಸೇರುತ್ತದೆ. ಕೋಣೆ ಅಳೆಯದೆ ಮಂಚ ಕೊಡುವುದು ಕೊಡುವವರಿಗೂ ನಷ್ಟ, ತೆಗೆದುಕೊಳ್ಳುವವರಿಗೂ ಪೇಚು.

ಅಳೆಯಲು ಈ ಸೀಮೆಯಲ್ಲಿ ಒಂದು ಅನುಕೂಲವಿದೆ. ಬಹಳ ಮನೆಗಳ ನೆಲ ಶಹಾಬಾದಿ ಪರಸಿ. ಕಲ್ಲುಗಳನ್ನು ಒಂದೇ ಅಳತೆಗೆ ಕೊಯ್ದು ಹಾಕಿರುತ್ತಾರಾದ್ದರಿಂದ ಒಂದು ಪರಸಿಯನ್ನು ಅಳೆದು ಉಳಿದವನ್ನು ಎಣಿಸಿದರೆ ಕೋಣೆಯ ನಕ್ಷೆ ಕೈಗೆ ಬಂದಂತೆ. ಮೇಜಿನ ಅಳತೆಗೆ ಹಳೆಯ ಪೇಪರೊಂದನ್ನು ಕತ್ತರಿಸಿ ಮಂಚದ ಪಕ್ಕ ಹಾಸಿ, ಬಾಗಿಲು ತೆರೆದು ನೋಡಬೇಕು. ತಿಜೋರಿಯ ಕದವನ್ನೂ ತೆರೆಯಬೇಕು. ಮೂರಡಿಯ ತಿಜೋರಿಯ ಒಂದೊಂದು ಕದ ಒಂದೂವರೆ ಅಡಿ ಮುಂದೆ ಬರುತ್ತದೆ. ಇದನ್ನು ಮರೆತವರ ಮನೆಯಲ್ಲಿ ಸೀರೆ ತೆಗೆಯಬೇಕಾದಾಗಲೆಲ್ಲ ಮೇಜನ್ನು ಎತ್ತಿಡಬೇಕಾಗುತ್ತದೆ.

ಮಂಚವನ್ನು ತಿರುಗಿಸಿ ಹಾಕಿ ಜಾಗ ಮಾಡಿಕೊಳ್ಳಿ ಎಂದು ಸಲಹೆ ಕೊಡುವವರು ದಿಕ್ಕನ್ನು ಮರೆಯುತ್ತಾರೆ. ಉತ್ತರಕ್ಕೆ ತಲೆ ಹಾಕಿ ಮಲಗಬಾರದೆಂಬ ನಂಬಿಕೆ ಹಿಂದೂ ಮನೆಗಳಲ್ಲಿ ಗಟ್ಟಿಯಾಗಿದೆ. ಮುಸ್ಲಿಂ ಮನೆಗಳಲ್ಲಿ ಕಾಬಾದ ದಿಕ್ಕಾದ ಪಶ್ಚಿಮಕ್ಕೆ ಕಾಲು ಬರದಂತೆ ಮಲಗುತ್ತಾರೆ. ಲಾಡ್ಲೆ ಮಶಾಕರ ದರ್ಗಾ ಇರುವ ಆಳಂದದಲ್ಲಾಗಲಿ, ದತ್ತಾತ್ರೇಯನ ಕ್ಷೇತ್ರವಾದ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಾಗಲಿ ಮನೆಯವರನ್ನು ಕೇಳದೆ ಕೋಣೆಯ ನಕ್ಷೆ ಬರೆಯುವುದು ವ್ಯರ್ಥ. ಒಂದು ಚಿಕ್ಕ ಕೋಣೆಗೆ ಒಂದು ದಿಕ್ಕು ನಿಷಿದ್ಧವಾದರೆ, ಬಾಗಿಲು ಇನ್ನೊಂದನ್ನು ತಿಂದರೆ, ಉಳಿದದ್ದು ಎರಡೇ. ಮೇಜಿನ ಜಾಗ ಅಲ್ಲಿಗೆ ತಾನಾಗಿಯೇ ತೀರ್ಮಾನವಾಗುತ್ತದೆ.

ಅಗಲ, ಎತ್ತರ, ಕಾಲು

ಮೇಜಿನ ಮೇಲೆ ಏನಿಡುತ್ತೇವೆ ಎಂಬುದರಿಂದ ಅಗಲ ಹುಟ್ಟಬೇಕು. ತಂಬಿಗೆಗೆ ಐದಾರು ಇಂಚು ಬೇಕು. ಅದರ ಬಾಯಿಗೆ ಮಗುಚಿದ ಲೋಟಕ್ಕೆ ಬೇರೆ ಜಾಗ ಬೇಡ. ಮೊಬೈಲಿಗೆ ಮೂರು, ಕನ್ನಡಕದ ಡಬ್ಬಿಗೆ ಮೂರು. ಹತ್ತು ಇಂಚು ಅಗಲ, ಗೋಡೆಯ ಕಡೆಯಿಂದ ಮುಂದಕ್ಕೆ ಹನ್ನೆರಡರಿಂದ ಹದಿನಾಲ್ಕು ಇಂಚು ಉದ್ದ ಇದ್ದರೆ ಒಬ್ಬರ ರಾತ್ರಿಗೆ ಧಾರಾಳ. ಮೇಜು ತಲೆಗಡೆಯ ಮೂಲೆಯಲ್ಲಿ ನಿಲ್ಲುವುದರಿಂದ ಉದ್ದ ಸ್ವಲ್ಪ ಹೆಚ್ಚಾದರೂ ಯಾರ ದಾರಿಗೂ ಅಡ್ಡವಿಲ್ಲ. ಅಗಲ ಹೆಚ್ಚಿದರೆ ಕಾಲಿಗೆ ತಾಗುತ್ತದೆ. ಅಂಗಡಿಯವರು ಇದನ್ನು ತಿರುಗಾಮುರುಗಾ ಮಾಡಿ, ಮುಂಭಾಗ ಅಗಲವಾಗಿ ಆಳ ಕಡಿಮೆಯಾಗಿ ಮಾಡುತ್ತಾರೆ. ಅಂಗಡಿಯಲ್ಲಿ ನಿಂತು ನೋಡುವವರಿಗೆ ಅದು ದೊಡ್ಡದಾಗಿ ಕಾಣುತ್ತದೆಂಬುದನ್ನು ಬಿಟ್ಟರೆ ಮಲಗುವವರಿಗೆ ಅದರಿಂದ ಲಾಭವಿಲ್ಲ.

ಎತ್ತರವನ್ನು ಮಂಚದಿಂದಲ್ಲ, ಗಾದಿಯ ಮೇಲ್ಮೈಯಿಂದ ಅಳೆಯಬೇಕು. ಮೇಜು ಗಾದಿಯ ಮಟ್ಟಕ್ಕೆ ಇರಬೇಕು, ಇಲ್ಲವೇ ಒಂದೆರಡು ಇಂಚು ಮೇಲಿರಬೇಕು. ತಗ್ಗಾದರೆ ಮುದುಕರು ನೀರಿಗಾಗಿ ಮಂಚದಾಚೆ ಬಾಗುತ್ತಾರೆ. ಕತ್ತಲಲ್ಲಿ ಉರುಳಿ ಬೀಳುವುದು ಹೀಗೆಯೇ. ನುಲಿಯ ಹೊರಸಿನ ಮೇಲೆ ಮಲಗುವ ಮನೆಯಲ್ಲಿ ಅಂಗಡಿಯ 22 ಇಂಚಿನ ಮೇಜು ತೀರ ಎತ್ತರವಾಗುತ್ತದೆ.

ಪರಸಿ ನೆಲ ಅಳತೆಗೆ ಅನುಕೂಲ, ಮೇಜಿನ ಕಾಲಿಗೆ ಮಾತ್ರ ಪೀಡೆ. ಪಾಲಿಶ್ ಮಾಡದ ಪರಸಿಯ ಮೈ ಏರಿಳಿತದ್ದು. ನಾಲ್ಕು ಕಾಲಿನ ಮೇಜು ಒಂದು ಮೂಲೆಯಲ್ಲಿ ಕುಣಿಯುತ್ತದೆ, ಕೆಳಗೆ ರಟ್ಟಿನ ತುಂಡು ಇಡಬೇಕಾಗುತ್ತದೆ. ಮೂರು ಕಾಲಿನ ತಿಪಾಯಿ ಎಂಥ ನೆಲದ ಮೇಲೂ ಕುಣಿಯುವುದಿಲ್ಲ, ಏಕೆಂದರೆ ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿರುತ್ತವೆ. ಅದರ ದೋಷವೆಂದರೆ ಕಾಲುಗಳ ತ್ರಿಕೋನದಿಂದ ಹೊರಗೆ ಭಾರ ಬಿದ್ದರೆ ಅದು ಬೇಗ ಮಗುಚುತ್ತದೆ. ಹತ್ತಿಂಚು ಅಗಲ, ಇಪ್ಪತ್ತಿಂಚು ಎತ್ತರದ ಯಾವ ಮೇಜಿಗೂ ಈ ಭಯ ಇದ್ದದ್ದೇ. ಮನೆಯಲ್ಲಿ ಅಂಬೆಗಾಲಿಡುವ ಮಗುವಿದ್ದರೆ ಕೆಳಹಲಗೆಯ ಮೇಲೆ ಭಾರದ ಸಾಮಾನು ಇಡಬೇಕು ಅಥವಾ ಮೇಜನ್ನು ಒಂದು ಮೊಳೆಯಿಂದ ಗೋಡೆಗೆ ಬಿಗಿಯಬೇಕು.

ನೆಲಕ್ಕೆ ಅಂಟಿದ ಪೆಟ್ಟಿಗೆಯಂಥ ಮೇಜನ್ನು ಈ ಸೀಮೆಯಲ್ಲಿ ಕೊಳ್ಳಲೇಬಾರದು. ಕರಿಮಣ್ಣಿನ ಹೊಲಗಳ ನಡುವಿನ ಊರುಗಳಲ್ಲಿ ಮಳೆಗಾಲ ಬಂತೆಂದರೆ ಚೇಳು ಒಳಗೆ ಬರುತ್ತದೆ. ಕತ್ತಲ ಮೂಲೆ ಅದಕ್ಕೆ ಪ್ರಿಯ. ಕಸಬರಿಗೆ ಹೋಗುವಷ್ಟು, ಅಂದರೆ ಐದಾರು ಇಂಚು, ಕೆಳಗೆ ಖಾಲಿ ಇರಬೇಕು. ಬ್ಯಾಟರಿ ಬಿಟ್ಟರೆ ಗೋಡೆಯವರೆಗೂ ಬೆಳಕು ಬೀಳಬೇಕು.

ಬಿಸಿಲು, ನೀರು, ಹುಳ

ಕಲಬುರಗಿ ಜಿಲ್ಲೆಯ ಬೇಸಿಗೆ 42 ಡಿಗ್ರಿ ದಾಟುವುದು ಹೊಸತಲ್ಲ. ಒಣಹವೆಗೆ ಮರ ಕುಗ್ಗಿ ಡ್ರಾಯರು ಸಡಿಲವಾಗುತ್ತದೆ, ಮಳೆಗಾಲದಲ್ಲಿ ಅದೇ ಡ್ರಾಯರು ಉಬ್ಬಿ ಹಿಡಿದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅನೇಕರು ಮಾಳಿಗೆಯ ಮೇಲೆ ಮಲಗುತ್ತಾರೆ. ತಂಬಿಗೆ, ಬ್ಯಾಟರಿ, ಫೋನು ಅವರೊಂದಿಗೇ ಮೆಟ್ಟಿಲು ಹತ್ತುತ್ತವೆ. ಆ ಎರಡು ತಿಂಗಳು ಭಾರದ ಮೇಜು ಕೆಳಗೆ ಸುಮ್ಮನೆ ನಿಂತಿರುತ್ತದೆ. ಒಂದು ಕೈಯಲ್ಲಿ ಎತ್ತಬಹುದಾದ ಸ್ಟೂಲು ಇಲ್ಲಿ ಡ್ರಾಯರಿರುವ ಸೊಗಸಾದ ಮೇಜಿಗಿಂತ ಹೆಚ್ಚು ದಿನ ಕೆಲಸಕ್ಕೆ ಬರುತ್ತದೆ. ಕೆಳಗೇ ಮಲಗುವವರಿಗೆ ಕೂಲರ್ ಬೇಕು, ಅದು ಕಿಟಕಿಯ ಹತ್ತಿರ ಒಂದೂವರೆ ಎರಡಡಿ ಜಾಗ ಹಿಡಿಯುತ್ತದೆ, ಜೊತೆಗೆ ಹನಿ ಸಿಡಿಸುತ್ತದೆ. ಒತ್ತಿದ ಮರದ ಹುಡಿಯಿಂದ ಮಾಡಿದ ಪಾರ್ಟಿಕಲ್ ಬೋರ್ಡ್, ಎಂ.ಡಿ.ಎಫ್. ಹಲಗೆಗಳು ಈ ತೇವ ತಡೆಯುವುದಿಲ್ಲ. ಅಂಚಿನ ಪಟ್ಟಿ ಎದ್ದಲ್ಲಿ ನೀರು ಹೊಕ್ಕು ಹಲಗೆ ಉಬ್ಬಿತೆಂದರೆ ಮತ್ತೆ ಇಳಿಯುವುದಿಲ್ಲ.

ಭೀಮೆಯ ದಂಡೆಯವರಿಗೆ ಹನಿಯಲ್ಲ, ಹೊಳೆಯೇ ಒಳಗೆ ಬಂದ ಅನುಭವವಿದೆ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು ಮತ್ತು ಸುರಿದ ಮಳೆ ಕೂಡಿ ಅಫಜಲಪುರ, ಜೇವರ್ಗಿ ತಾಲೂಕುಗಳ ನದಿಪಾತ್ರದ ಊರುಗಳಿಗೆ ನುಗ್ಗಿತು. ಇಂಥ ನೆರೆಯಲ್ಲಿ ಮೊದಲು ಹಾಳಾಗುವುದು ಹುಡಿಯ ಹಲಗೆಯ ಸಾಮಾನು. ಮರದ್ದು ನೆರಳಲ್ಲಿ ಒಣಗಿದರೆ ಬಳಕೆಗೆ ಬರುತ್ತದೆ, ಕಬ್ಬಿಣದ್ದನ್ನು ತೊಳೆದು ಬಣ್ಣ ಹಚ್ಚಿದರೆ ಆಯಿತು. ಪ್ಲೈವುಡ್ ಕೊಳ್ಳುವುದಾದರೆ ಅದರ ಮೇಲಿನ ಗುರುತು ನೋಡಬೇಕು. ಐ.ಎಸ್. 303 ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನಕ, ಐ.ಎಸ್. 710 ನೀರನ್ನು ಹೆಚ್ಚು ತಡೆಯುವ, ದೋಣಿ ಕಟ್ಟಲು ಯೋಗ್ಯವಾದ ದರ್ಜೆಯದು. ಭೀಮೆಯಿಂದ ದೂರವಿರುವ ಆಳಂದದ ಒಣ ಕೋಣೆಗೆ ಮೊದಲನೆಯದು ಸಾಕು.

ಮರದಲ್ಲಿ ಇಲ್ಲಿ ಸುಲಭವಾಗಿ ಸಿಗುವುದು ಜಾಲಿ ಮತ್ತು ಬೇವು. ಬಂಡಿ, ಕೂರಿಗೆ, ಕುಂಟೆಗಳಿಗೆ ಬಡಿಗೇರರು ಜಾಲಿಯನ್ನೇ ನೆಚ್ಚಿದ್ದರು; ಭಾರ ಹೆಚ್ಚು, ಗಟ್ಟಿ, ಮೇಜಿನ ಕಾಲಿಗೆ ಹೇಳಿ ಮಾಡಿಸಿದಂಥದು. ಬೇವಿಗೆ ಹುಳದ ಕಾಟ ಕಡಿಮೆ. ಆದರೆ ಹಸಿಯಾಗಿದ್ದಾಗ ಕೊಯ್ದು ಹಲಗೆ ಮಾಡಿದರೆ ಸೊಟ್ಟಗಾಗಿ ಬಿರಿಯುತ್ತದೆ. ಒಂದೆರಡು ಬೇಸಿಗೆ ಒಣಗಿದ್ದನ್ನು ಕೇಳಿ ತರಬೇಕು. ಸಾಗವಾನಿ ಎಲ್ಲಕ್ಕಿಂತ ಒಳ್ಳೆಯದು, ಹತ್ತಿಂಚಿನ ಮೇಜಿಗೆ ಅದು ದುಂದು. ಮಾವಿನ ಹಲಗೆ ಅಗ್ಗ. ಹುಳ ಬೀಳುವುದೂ ಅಷ್ಟೇ ಬೇಗ. ಟ್ರ್ಯಾಕ್ಟರು ಬಂದ ಮೇಲೆ ಬಂಡಿಯ ಕೆಲಸ ಕಡಿಮೆಯಾದ ಬಡಿಗೇರರು ಬಾಗಿಲು, ಮಂಚದ ಕೆಲಸಕ್ಕೆ ಬಂದಿದ್ದಾರೆ; ಅಳತೆ ಕೊಟ್ಟರೆ ಕಿರಿದಾದ ಮೇಜು ಮಾಡಿಕೊಡುವವರು ಅವರೇ. ಗೆದ್ದಲಿಗೆ ಯಾವ ಮರವೂ ಪೂರ್ತಿ ಹೊರತಲ್ಲ. ಮೇಜನ್ನು ಮಣ್ಣಿನ ಗೋಡೆಗೆ ತಾಗಿಸದೆ ಎರಡು ಬೆರಳು ಈಚೆಗೆ ಇಡುವುದು ಹಳೆಯ, ಖರ್ಚಿಲ್ಲದ ಉಪಾಯ.

ಮೇಜಿಲ್ಲದ ಮಗ್ಗುಲು

ಮಂಚದ ಪಕ್ಕ ಹತ್ತಿಂಚೂ ಇಲ್ಲದಿದ್ದರೆ ಮೇಜಿನ ಆಸೆ ಬಿಟ್ಟು ಗೋಡೆಗೆ ಹಲಗೆ ಹೊಡೆಯುವುದೇ ಸರಿ. ಶಹಾಬಾದಿ ಪರಸಿಯ ತುಂಡು ಇದಕ್ಕೆ ಚೆನ್ನಾಗಿ ಒದಗುತ್ತದೆ, ಕಲ್ಲಿನ ಅಂಗಡಿಯಲ್ಲಿ ಉಳಿಕೆಯ ತುಂಡು ಅಗ್ಗಕ್ಕೆ ಸಿಗುತ್ತದೆ. ಆದರೆ ತೂಕ ಗಮನದಲ್ಲಿರಲಿ: ಹನ್ನೆರಡಕ್ಕೆ ಹತ್ತಿಂಚು, ಒಂದಿಂಚು ದಪ್ಪದ ಪರಸಿ ಸುಮಾರು ಐದು ಕಿಲೋ ತೂಗುತ್ತದೆ. ಅದರ ಮೇಲೆ ತುಂಬಿದ ತಂಬಿಗೆ, ಮೇಲಾಗಿ ಏಳುವಾಗ ಊರುವ ಕೈಯ ಭಾರ. ಗಟ್ಟಿ ಇಟ್ಟಿಗೆಯ ಗೋಡೆಯಾದರೆ ಎರಡು ಕಬ್ಬಿಣದ ಬ್ರಾಕೆಟ್ಟು ಇದನ್ನು ತಡೆಯುತ್ತವೆ. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಸಾಮಾನ್ಯ ಪ್ಲಾಸ್ಟಿಕ್ ಗುಳ್ಳಿ ಕಿತ್ತು ಬರುತ್ತದೆ, ಅದಕ್ಕೆಂದೇ ಇರುವ ಬೋಲ್ಟು ಕೇಳಿ ಪಡೆಯಬೇಕು. ಕರಿಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಇಲ್ಲಿನ ಗೋಡೆಗಳು ಬಿರುಕು ಬಿಡುವುದು ಸಾಮಾನ್ಯ. ಬಿರುಕಿನ ಹತ್ತಿರ ಬ್ರಾಕೆಟ್ ಕೂರಿಸಿದರೆ ಒಂದಲ್ಲ ಒಂದು ದಿನ ಕಲ್ಲು ತಲೆಯ ಮೇಲೆ ಬೀಳುತ್ತದೆ. ಅಂಥಲ್ಲಿ ಪರಸಿ ಬೇಡ, ತೆಳು ಮರದ ಹಲಗೆ ಸಾಕು.

ಗೋಡೆಗೆ ಹಲಗೆಯನ್ನೂ ಹೊಡೆಯಲಾಗದವರ ಟ್ರಂಕಿನ ಮಾತು ಬೇರೆ. ಗುಳೆ ಹೋಗಿ ಪುಣೆ, ಮುಂಬೈ, ಹೈದರಾಬಾದು, ಬೆಂಗಳೂರಿನ ತಗಡಿನ ಶೆಡ್ಡುಗಳಲ್ಲಿ ವಾಸಿಸುವ ಈ ಸೀಮೆಯ ಕೂಲಿಕಾರರಿಗೆ ಅದೇ ಕಪಾಟು, ಅದೇ ಮಗ್ಗುಲ ಮೇಜು. ಬಟ್ಟೆ, ಕಾಗದಪತ್ರ ಒಳಗೆ, ತಂಬಿಗೆ, ಮೊಬೈಲು ಮೇಲೆ, ಬೀಗ ತಲೆದಿಂಬಿನ ಕಡೆಗೆ. ಆಳಂದ ತಾಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ನೆಲೆಗೊಂಡ ಮೇಲೆ ಬಾಡಿಗೆ ಕೋಣೆಗಳಲ್ಲಿ ಇರುವ ವಿದ್ಯಾರ್ಥಿಗಳಿಗೂ ದೊಡ್ಡ ಮೇಜು ಹೊರೆಯೇ. ಅವರಿಗೆ ಮಡಚುವ ಸ್ಟೂಲು ಓದಲೂ ಆಗುತ್ತದೆ, ಮಗ್ಗುಲಿಗೂ ಆಗುತ್ತದೆ.

ವಿದ್ಯುತ್ತಿನ ಪ್ಲಗ್ಗು ಎಲ್ಲಿದೆ ಎಂಬುದನ್ನು ಜನ ಕೊನೆಗೆ ಯೋಚಿಸುತ್ತಾರೆ. ಸಣ್ಣ ಮನೆಗಳಲ್ಲಿ ಸ್ವಿಚ್ ಬೋರ್ಡು ಬಾಗಿಲ ಪಕ್ಕದಲ್ಲಿ ಒಂದೇ ಇರುತ್ತದೆ, ಮಂಚ ಇನ್ನೊಂದು ಗೋಡೆಗೆ. ನಡುವೆ ಎಕ್ಸ್‌ಟೆನ್ಷನ್ ವೈರು ನೆಲದ ಮೇಲೆ ಹರಿದಾಡುತ್ತದೆ, ರಾತ್ರಿ ಕಾಲಿಗೆ ತೊಡರುತ್ತದೆ. ಮೇಜಿನ ಹಿಂದಿನ ಕಾಲಿಗೆ ವೈರನ್ನು ಕಟ್ಟಿ ಗೋಡೆಯಂಚಿನಿಂದ ತರಬೇಕು. ಸೊಳ್ಳೆಬತ್ತಿಯನ್ನು ಮರದ ಇಲ್ಲವೇ ಪ್ಲೈವುಡ್ಡಿನ ಮೇಜಿನ ಮೇಲೆ ಹಚ್ಚಿಡುವುದು ಬೇಡ, ಕೌದಿಯ ಅಂಚು ತಾಗಲು ಒಂದು ಮಗ್ಗುಲು ಬದಲಿಸಿದರೆ ಸಾಕು.

ಇವೆಲ್ಲವನ್ನೂ ತೂಗಿದರೆ ಈ ಮೂರು ತಾಲೂಕುಗಳ ಎಂಟು-ಹತ್ತಡಿಯ ಕೋಣೆಗೆ ಹೊಂದುವುದು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದ ಮೇಜು. ಅಂಥ ಅಂಗಡಿ ತಾಲೂಕು ಕೇಂದ್ರಗಳಲ್ಲಷ್ಟೇ ಅಲ್ಲ, ದೊಡ್ಡ ಹಳ್ಳಿಗಳ ರಸ್ತೆಬದಿಯಲ್ಲೂ ಉಂಟು. ಮುಕ್ಕಾಲು ಅಥವಾ ಒಂದಿಂಚಿನ ಚೌಕ ಪೈಪಿನ ಚೌಕಟ್ಟು, ಅಗಲ ಹತ್ತಿಂಚು, ಉದ್ದ ಹದಿನಾಲ್ಕು, ಎತ್ತರ ಗಾದಿಯ ಮಟ್ಟ, ಮೇಲೊಂದು ಹಲಗೆ, ನೆಲದಿಂದ ಆರಿಂಚು ಮೇಲೆ ಇನ್ನೊಂದು; ಬಾಗಿಲು, ಡ್ರಾಯರು ಬೇಡ. ಬಣ್ಣಕ್ಕೆ ಮೊದಲು ತುಕ್ಕು ತಡೆಯುವ ಪ್ರೈಮರ್ ಹೊಡೆಯಲು ಹೇಳಬೇಕು, ಪೈಪಿನ ತುದಿಗೆ ರಬ್ಬರ್ ಬುಷ್ ಹಾಕಿಸಲೇಬೇಕು. ಬುಷ್ ಇಲ್ಲದ ಕಬ್ಬಿಣದ ಕಾಲು ಮಳೆಗಾಲದ ತೇವಕ್ಕೆ ಪರಸಿಯ ಮೇಲೆ ತುಕ್ಕಿನ ಕಲೆ ಬಿಡುತ್ತದೆ. ಆ ಕಲೆಯನ್ನು ಆಸಿಡ್ ಹಾಕಿ ತೆಗೆಯಲು ಹೋಗಬಾರದು: ಪರಸಿ ಸುಣ್ಣಕಲ್ಲು, ಆಸಿಡ್ ಕಲೆಗಿಂತ ಮೊದಲು ಕಲ್ಲನ್ನೇ ತಿನ್ನುತ್ತದೆ.